ಡಾಕ್ಟರ್ ಅನುಸೂಯಾ ಬರೆದ ಸಂವಿಧಾನ

ಡಾಕ್ಟರ್ ಅನುಸೂಯಾ ಮೂರೂ ಊರಿನ ಕನ್ನಡ ಸಂಘಗಳನ್ನು ಸಮನಾಗಿ ತಿರಸ್ಕರಿಸುತ್ತಿದ್ದಳು. ಅವಳನ್ನೇ ಆರಿಸಲು ಅದೇ ಕಾರಣವಾಯಿತು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಸೇರಿ ಒಂದು ಒಕ್ಕೂಟ ಕಟ್ಟಬೇಕು, ವರ್ಷಕ್ಕೊಂದು ಸಮ್ಮೇಳನ ಮಾಡಬೇಕು ಎಂಬ ಮಾತು ಆರೇಳು ವರ್ಷಗಳಿಂದ ನಡೆದಿತ್ತು. ಒಕ್ಕೂಟಕ್ಕೆ ಒಂದು ನಿಯಮಾವಳಿ ಬೇಕು. ಡಲ್ಲಾಸಿನವರು ಬರೆದದ್ದನ್ನು ಹ್ಯೂಸ್ಟನ್ನಿನವರು ಓದದೆಯೇ ತಳ್ಳಿಹಾಕಿದರು. ಹ್ಯೂಸ್ಟನ್ನಿನವರು ಬರೆದದ್ದಕ್ಕೆ ಆಸ್ಟಿನ್ನಿನವರು ನಲವತ್ತು ಪ್ರಶ್ನೆ ಕೇಳಿದರು. ಕೊನೆಗೆ ಯಾವ ಸಂಘಕ್ಕೂ ಸೇರದ, ಬಿಡುವಿರುವ, ಓದಿಕೊಂಡ ಒಬ್ಬರು ಬೇಕೆಂದು ಹುಡುಕಿದಾಗ ಸಿಕ್ಕವಳು ಇವಳು. ಹ್ಯೂಸ್ಟನ್ನಿಗೆ ಅಂಟಿಕೊಂಡ ಮಿಸೌರಿ ಸಿಟಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದೂ ಒಂದು ಯುಗಾದಿಗೂ ಹೋದವಳಲ್ಲ. ಮೊದಲೆಲ್ಲ ಆಸ್ಪತ್ರೆಯ ಡ್ಯೂಟಿ ಇದೆ ಅನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ಆ ನೆಪವನ್ನೂ ಬಿಟ್ಟು, "ನಂಗೆ ಇಷ್ಟ ಇಲ್ಲ" ಎಂದು ಮುಖಕ್ಕೇ ಹೇಳುತ್ತಿದ್ದಳು.

ಅವಳು ಅರಿವಳಿಕೆಯ ಡಾಕ್ಟರು. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಹತ್ತಿರ ಕೂತು ಕೆಲಸ ಮಾಡಿದವಳು. ಅಲ್ಲಿ ಯಾರೂ ಕೈಯೆತ್ತಿ ಮತ ಹಾಕುವುದಿಲ್ಲ. ಔಷಧ ಎಷ್ಟೆಂದು ಒಬ್ಬರು ಹೇಳುತ್ತಾರೆ, ಉಳಿದವರು ಮಾಡುತ್ತಾರೆ. ಜಗತ್ತು ನಡೆಯಬೇಕಾದದ್ದು ಹಾಗೆ ಎಂದು ಅವಳ ಖಚಿತ ಅಭಿಪ್ರಾಯ. ಆದ್ದರಿಂದ ಡಲ್ಲಾಸ್ ಸಂಘದ ಅಧ್ಯಕ್ಷ ಸುಮುಖ ಫೋನ್ ಮಾಡಿ ವಿನಯದಿಂದ ಕೇಳಿದಾಗ ಅವಳು ಒಪ್ಪಿಕೊಂಡದ್ದು ಸೇವೆಯ ಉತ್ಸಾಹಕ್ಕಲ್ಲ. ಇವರಿಗೆಲ್ಲ ಒಮ್ಮೆ ಬುದ್ಧಿ ಕಲಿಸಬಹುದು ಎಂದು.

"ಬರೆಯೋಕೆ ಮುಂಚೆ ಮೂರೂ ಕಡೆ ಹೋಗಿ ನೋಡ್ತೀನಿ," ಎಂದಳು.

"ನೋಡಿ ಬಾ," ಎಂದ ಗಂಡ ಪ್ರಭಂಜನ. ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದವನು, ಹೆಚ್ಚು ಮಾತಿಲ್ಲ. "ಆದ್ರೆ ವಾಪಸ್ ಬಂದು ನಂಗೆ ಹೇಳೋದ್ ಬೇಡ."

ಮೊದಲು ತನ್ನದೇ ಊರು. ಹ್ಯೂಸ್ಟನ್ ಸಂಘಕ್ಕೆ ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ಅಧ್ಯಕ್ಷ, ಹೃದಯದ ಡಾಕ್ಟರು ಶ್ರೀಪತಿ. ರಾಜ್ಯೋತ್ಸವದ ಕಾರ್ಯಕ್ರಮ ಮೂರು ಗಂಟೆಗೆ ಎಂದಿತ್ತು. ಐದೂಕಾಲಿಗೆ ಅವನು ಬಂದ. ಅಲ್ಲಿಯವರೆಗೆ ದೀಪ ಹಚ್ಚಲು ಯಾರಿಗೂ ಧೈರ್ಯವಿರಲಿಲ್ಲ. ಜರಿಶಾಲು ಹೊದ್ದು ಬಂದವನು ಮುಂದಿನ ಸಾಲಿನ ಸೋಫಾದಲ್ಲಿ ಕೂತ. ಉಳಿದವರಿಗೆ ಮಡಚುವ ಕುರ್ಚಿ.

"ಚುನಾವಣೆ ಅಂತ ಯಾವತ್ತಾದ್ರೂ ಮಾಡಿದೀರಾ?" ಎಂದು ಅನುಸೂಯಾ ಕೇಳಿದಳು.

ಶ್ರೀಪತಿ ನಕ್ಕ. "ಯಾರ್ ನಿಲ್ತಾರೆ ಹೇಳಿ? ಜನಾನೇ ಬಿಡಲ್ಲ ನನ್ನ. ಸಾರ್, ನೀವೇ ಇರ್ಬೇಕು ಅಂತಾರೆ."

"ನಿಂತವರು ಯಾರೂ ಇಲ್ವಾ?"

"ಒಬ್ಬ ಇದ್ದ. ಈಗ ಬರೋದ್ ಬಿಟ್ಟಿದಾನೆ."

ಯಾಕೆ ಬಿಟ್ಟ ಎನ್ನುವುದನ್ನು ಅವಳು ಅಡಿಗೆಮನೆಯ ಕಡೆ ಹೆಂಗಸರಿಂದ ಕೇಳಿದಳು. ಅವನ ಮಗಳ ಭರತನಾಟ್ಯ ಸತತ ಮೂರು ವರ್ಷ ಪಟ್ಟಿಯಿಂದ ಬಿದ್ದುಹೋಗಿತ್ತು. ಮಕ್ಕಳು ವೇದಿಕೆ ಹತ್ತಬೇಕಾದರೆ ಶ್ರೀಪತಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಅಷ್ಟೇ ಅಲ್ಲಿನ ಕಾನೂನು. ನೂರಾರು ಜನ ಎಂಜಿನಿಯರುಗಳು, ಡಾಕ್ಟರುಗಳು ಈ ಒಂದು ಶಾಲಿಗೆ ಹೆದರಿಕೊಂಡು ಬದುಕುವುದನ್ನು ನೋಡಿ ಅವಳಿಗೆ ಶ್ರೀಪತಿಗಿಂತ ಅವರ ಮೇಲೇ ಹೆಚ್ಚು ಹೇಸಿಗೆಯಾಯಿತು. ರಾಜನಾದರೂ ಸರಿ, ಸಮಯಕ್ಕೆ ಬರುವ ರಾಜನನ್ನಾದರೂ ಇಟ್ಟುಕೊಳ್ಳಬಾರದೇ?

ಎರಡು ವಾರದ ಮೇಲೆ ಡಲ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋದಳು. ಸಭೆ ಲಾಸ್ ಕೊಲಿನಾಸ್ ಬಡಾವಣೆಯಲ್ಲಿ, ಸುಮುಖನ ಗೆಳೆಯನೊಬ್ಬನ ಕಚೇರಿಯ ಗಾಜಿನ ಕೋಣೆಯಲ್ಲಿ. ಸುಮುಖ ಡಲ್ಲಾಸಿನ ಹೊರವಲಯದ ಮೆಕಿನ್ನಿಯವನು. ನಲವತ್ತು ದಾಟಿದ, ಸದಾ ಮುಗುಳ್ನಗುವ, ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. "ನಮ್ದು ಫುಲ್ ಡೆಮಾಕ್ರಸಿ ಆಂಟಿ. ಎರಡು ವರ್ಷಕ್ಕೊಂದು ಎಲೆಕ್ಷನ್, ಎಲ್ಲಾದಕ್ಕೂ ವೋಟಿಂಗು," ಎಂದ ಹೆಮ್ಮೆಯಿಂದ.

ನಿಜವೇ. ಅವತ್ತು ಸಂಕ್ರಾಂತಿ ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂಬ ಪ್ರಶ್ನೆಗೆ ಐವತ್ತು ನಿಮಿಷ ಚರ್ಚೆ ನಡೆದು ಮತ ಎಣಿಕೆಯಾಯಿತು. ಬಿಸಿಬೇಳೆಬಾತು ಮೂರು ಮತದಿಂದ ಗೆದ್ದಿತು. ಸೋತವರು ಮರುಎಣಿಕೆ ಕೇಳಿದರು. ಯಾರೋ ಎದ್ದು, ಕಳೆದ ಚುನಾವಣೆಯ ಹಿಂದಿನ ದಿನ ಒಂದೇ ಅಪಾರ್ಟ್‌ಮೆಂಟಿನ ಮೂವತ್ತೆಂಟು ಜನರನ್ನು ಸದಸ್ಯರನ್ನಾಗಿ ಮಾಡಿದ ವಿಷಯ ತೆಗೆದರು. ಅವರಲ್ಲಿ ಆರು ಜನ ತೆಲುಗಿನವರು ಎಂದು ಇನ್ನೊಬ್ಬರು. "ಅವ್ರಿಗೆ ಕನ್ನಡ ಬರತ್ತೆ!" "ಎಲ್ಲಿ ಬರತ್ತೆ, 'ಊಟ ಆಯ್ತಾ' ಅಷ್ಟೇ ಬರೋದು!" ಸುಮುಖ ಇಬ್ಬರಿಗೂ ತಲೆಯಾಡಿಸುತ್ತ ಇಬ್ಬರೂ ಹೇಳುವುದು ಸರಿ ಎಂದ.

ಅನುಸೂಯಾ ಕೈಗಡಿಯಾರ ನೋಡಿಕೊಂಡಳು. ಈ ಗುಂಪಿನ ಕೈಗೆ ಒಬ್ಬ ರೋಗಿಯನ್ನು ಕೊಟ್ಟಿದ್ದರೆ ಅವನು ಯಾವಾಗಲೋ ಸತ್ತು, ಸತ್ತದ್ದು ಸರಿಯೇ ತಪ್ಪೇ ಎಂಬುದಕ್ಕೂ ಮತ ಬೀಳುತ್ತಿತ್ತು.

ಆಸ್ಟಿನ್ನಿನವರು ಇನ್ನೊಂದು ಥರ. ಅಲ್ಲಿ ಅಧ್ಯಕ್ಷರೇ ಇಲ್ಲ. ಕೆರೆಯ ಪಕ್ಕದ ಪಾರ್ಕಿನಲ್ಲಿ ಇಪ್ಪತ್ತು ಜನ ವೃತ್ತವಾಗಿ ಕೂತಿದ್ದರು. ವೈಷ್ಣವಿ ಎಂಬ ಮೂವತ್ತೈದರ ಹೆಣ್ಣುಮಗಳು ಅವಳಿಗೆ ಚಾಪೆ ಹಾಸಿಕೊಟ್ಟು ವಿವರಿಸಿದಳು. "ನಮ್ಮಲ್ಲಿ ಮೇಲು ಕೆಳಗು ಅಂತ ಇಲ್ಲ ಮೇಡಂ. ವೋಟಿಂಗ್ ಮಾಡಿದ್ರೆ ಯಾರೋ ಸೋಲ್ತಾರೆ ಅಲ್ವಾ? ಅದಕ್ಕೆ ಎಲ್ಲರೂ ಒಪ್ಪೋ ತನಕ ಮಾತಾಡ್ತೀವಿ."

"ಒಬ್ರು ಒಪ್ಪಲಿಲ್ಲ ಅಂದ್ರೆ?"

"ಒಪ್ಪೋ ತನಕ ಮಾತಾಡ್ತೀವಿ."

ಎಂಟು ತಿಂಗಳಿಂದ ಅವರು ಮಾತಾಡುತ್ತಿದ್ದದ್ದು ಮಕ್ಕಳ ಕನ್ನಡ ತರಗತಿ ಶನಿವಾರವೋ ಭಾನುವಾರವೋ ಎಂದು. ಅಷ್ಟರಲ್ಲಿ ಒಂದಿಬ್ಬರು ಮಕ್ಕಳು ಕಾಲೇಜಿಗೇ ಹೋಗಿಬಿಟ್ಟಿದ್ದರು. ಅನುಸೂಯಾ ಎರಡೂವರೆ ಗಂಟೆ ಚಾಪೆಯ ಮೇಲೆ ಕೂತು ಮಂಡಿ ನೋಯಿಸಿಕೊಂಡಳು. ಆದರೆ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳದ ಸಂಗತಿ ಒಂದಿತ್ತು. ಸಂಘದ ಇಮೇಲಿನ ಪಾಸ್‌ವರ್ಡು ವೈಷ್ಣವಿಯ ಹತ್ತಿರ, ಸಾಮಾನಿಟ್ಟ ಗೋದಾಮಿನ ಬೀಗದ ಕೈ ವೈಷ್ಣವಿಯ ಹತ್ತಿರ, ಸಭೆ ಯಾವತ್ತು ಎಂದು ಹೇಳುವವಳು ವೈಷ್ಣವಿ. ಮೇಲು ಕೆಳಗು ಇಲ್ಲದ ಆ ವೃತ್ತದಲ್ಲಿ ಎಲ್ಲರೂ ಮಾತಾಡುವಾಗ ಅವಳ ಮುಖ ನೋಡಿಕೊಂಡೇ ಮಾತಾಡುತ್ತಿದ್ದರು. ಶ್ರೀಪತಿಯಾದರೂ ಶಾಲು ಹೊದ್ದು ಕಾಣಿಸಿಕೊಳ್ಳುತ್ತಾನೆ, ಇವಳದು ಶಾಲಿಲ್ಲದ ಪಟ್ಟಾಭಿಷೇಕ ಎಂದುಕೊಂಡಳು.

ಮನೆಗೆ ಬಂದು ಬೇಡವೆಂದರೂ ಗಂಡನಿಗೆ ಎಲ್ಲವನ್ನೂ ಹೇಳಿದಳು. ಹತ್ತು ದಿನ ಕೂತು ಹನ್ನೊಂದು ಪುಟದ ಸಂವಿಧಾನ ಬರೆದಳು. ಅವಧಿ ಇಷ್ಟು, ಅಧಿಕಾರ ಇಷ್ಟು, ಯಾವ ಊರಿಗೆ ಎಷ್ಟು ಜನ, ಎಲ್ಲ. ಅದನ್ನು ಮೂರೂ ಕಡೆಗೆ ಕಳಿಸಿದಳು. ಶ್ರೀಪತಿ "ಸಂಸ್ಥಾಪಕ ಪೋಷಕ" ಎಂಬ ಆಜೀವ ಸ್ಥಾನ ಸೇರಿಸಬೇಕೆಂದ. ಡಲ್ಲಾಸಿನವರು ಪ್ರತಿ ಪುಟಕ್ಕೂ ಬೇರೆ ಬೇರೆ ಮತದಾನ ಬೇಕೆಂದರು. ಆಸ್ಟಿನ್ನಿನವರು "ಅಧಿಕಾರ" ಎಂಬ ಪದ ತಮಗೆ ಕಿರಿಕಿರಿ ಮಾಡುತ್ತದೆ ಎಂದರು. ಎರಡು ತಿಂಗಳು ಹೀಗೇ ಎಳೆದಾಡಿದ ಮೇಲೆ ಶ್ರೀಪತಿ, ಸುಮುಖ, ವೈಷ್ಣವಿ ಮೂವರನ್ನೂ ಒಂದು ವೀಡಿಯೋ ಕರೆಯಲ್ಲಿ ಕೂರಿಸಿ ಅನುಸೂಯಾ ಹೇಳಿದಳು:

"ನಿಮ್ಮ ಕೈಲಿ ಇದು ಆಗಲ್ಲ. ಒಂದು ವರ್ಷ ನಂಗ್ ಬಿಟ್ಬಿಡಿ. ನಾನು ಹೇಳಿದ್ ಹಾಗೆ ನಡೀಲಿ. ಒಂದು ಸಮ್ಮೇಳನ ಮಾಡಿ ತೋರಿಸ್ತೀನಿ. ಆಮೇಲೆ ನಿಮ್ಮ ಎಲೆಕ್ಷನ್ನೋ ಸಿಂಹಾಸನಾನೋ ಏನಾದ್ರೂ ಮಾಡ್ಕೊಳ್ಳಿ."

ಉಳಿದಿಬ್ಬರಿಗೆ ಸಿಗುವುದಕ್ಕಿಂತ ಈ ಮುದುಕಿಗೆ ಸಿಗುವುದು ವಾಸಿ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಒಪ್ಪಿದರು. ಅನುಸೂಯಾ ಸಂವಿಧಾನದ ಕೊನೆಗೆ ಒಂದು ಕಲಮು ಸೇರಿಸಿದಳು: ಮೊದಲ ಚುನಾವಣೆ ನಡೆಯುವವರೆಗೆ ಎಲ್ಲ ನಿರ್ಧಾರ ಹಂಗಾಮಿ ಅಧ್ಯಕ್ಷೆಯದು.

ಮೊದಲ ಸಮ್ಮೇಳನ ಆಸ್ಟಿನ್ನಿನಲ್ಲಿ ಗಡಿಯಾರದಂತೆ ನಡೆಯಿತು. ಒಂಬತ್ತಕ್ಕೆ ಎಂದರೆ ಒಂಬತ್ತಕ್ಕೆ ಬಾಗಿಲು ಹಾಕಿದರು. ತಡವಾಗಿ ಬಂದವರು ಹೊರಗೆ ಬಿಸಿಲಲ್ಲಿ ಅರ್ಧ ಗಂಟೆ ನಿಂತರು. ಶ್ರೀಪತಿಗೆ ಭಾಷಣಕ್ಕೆ ನಾಲ್ಕು ನಿಮಿಷ ಕೊಟ್ಟಿದ್ದಳು. ಐದನೆಯ ನಿಮಿಷಕ್ಕೆ ಮೈಕು ಸತ್ತಿತು. ಸಭೆ ಒಂದು ಕ್ಷಣ ಬೆಚ್ಚಿ, ಆಮೇಲೆ ಎದ್ದು ಚಪ್ಪಾಳೆ ತಟ್ಟಿತು. ಊಟಕ್ಕೆ ಏನೆಂದು ಯಾರನ್ನೂ ಕೇಳಿರಲಿಲ್ಲ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. "ಇಂಥೋರು ಬೇಕಿತ್ತು ನಮಗೆ," ಎಂದು ಕೈಮುಗಿದು ಹೇಳಿಹೋದವರಿಗೆ ಲೆಕ್ಕವಿಲ್ಲ. ಅವರ ಬಗ್ಗೆ ಅವಳಿಗೆ ಗೌರವವೇನೂ ಹುಟ್ಟಲಿಲ್ಲ. ಆದರೆ ಆ ಮಾತು ಹಿತವಾಗಿತ್ತು.

ವರ್ಷ ಮುಗಿಯಿತು. ಚುನಾವಣೆಯ ಮಾತನ್ನು ಅವಳು ತೆಗೆಯಲಿಲ್ಲ. ಸದಸ್ಯರ ಪಟ್ಟಿ ಸರಿಯಿಲ್ಲ, ಮೊದಲು ಅದನ್ನು ಸರಿಮಾಡಬೇಕು ಎಂದಳು. ಪಟ್ಟಿ ಸರಿಯಾದ ಮೇಲೆ, ಮುಂದಿನ ಸಮ್ಮೇಳನದ ಕೆಲಸ ನಡೆದಿರುವಾಗ ಬದಲಾವಣೆ ಬೇಡ ಎಂದಳು. ಎರಡೂ ಸುಳ್ಳಲ್ಲ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಇವರ ಕೈಗೆ ಕೊಟ್ಟರೆ ಆರು ತಿಂಗಳಲ್ಲಿ ಹಾಳುಮಾಡುತ್ತಾರೆ ಎನ್ನುವುದಂತೂ ಸೂರ್ಯನಷ್ಟು ಸ್ಪಷ್ಟವಿತ್ತು. ಬೇರೆಯವರೂ ಏನೂ ಹೇಳಲಿಲ್ಲ. ಸುಮುಖ ಮುಗುಳ್ನಗುತ್ತಿದ್ದ. ವೈಷ್ಣವಿ ಉತ್ತರಿಸುವುದನ್ನು ಕಡಿಮೆ ಮಾಡಿದ್ದಳು. ಶ್ರೀಪತಿ ಫೋನ್ ಎತ್ತುತ್ತಿರಲಿಲ್ಲ.

ಹೇಳಿದವನು ಒಬ್ಬನೇ, ಹಾಲಪ್ಪ. ಗದಗಿನ ಕಡೆಯವನು, ಹ್ಯೂಸ್ಟನ್ನಿನಲ್ಲಿ ಏಸಿ ರಿಪೇರಿಯ ಕೆಲಸ. ಕಾರ್ಯಕ್ರಮಗಳಿಗೆಲ್ಲ ಮೈಕು, ಸ್ಪೀಕರು ಜೋಡಿಸಿಕೊಡುತ್ತಿದ್ದವನು. ಆಸ್ಟಿನ್ನಿನಲ್ಲಿ ಅವಳ ಸನ್ನೆ ನೋಡಿ ಶ್ರೀಪತಿಯ ಮೈಕು ಆರಿಸಿದವನೂ ಅವನೇ. ಅವನು ಒಂದು ಮಧ್ಯಾಹ್ನ ಅವಳ ಮನೆಗೇ ಬಂದು, ಬೂಟು ಬಾಗಿಲಲ್ಲಿ ಬಿಟ್ಟು, ಕೂರದೆ ನಿಂತುಕೊಂಡೇ ಕೇಳಿದ.

"ಮೇಡಂ, ನೀವು ಒಂದ್ ವರ್ಷ ಅಂದಿದ್ರಿ. ವರ್ಷ ಮುಗದು ನಾಕು ತಿಂಗಳಾತಲ್ರಿ. ಚುನಾವಣಿ ಯಾವಾಗ್ರಿ?"

"ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಕಳಿಸಿಲ್ರಿ. ನಾನ ಬಂದೇನಿ."

"ಹಾಲಪ್ಪ, ನಿಮಗೆ ಅರ್ಥ ಆಗೋ ವಿಷಯ ಅಲ್ಲ ಇದು."

ಅವನು ಬಾಗಿಲ ಕಡೆ ತಿರುಗಿದ. "ವರ್ಷ ಅಂದ್ರ ಹನ್ನೆರಡು ತಿಂಗಳು ಅನ್ನೋದು ಅರ್ಥ ಆಗತೈತ್ರಿ," ಎಂದು ಹೇಳಿ ಬೂಟು ಹಾಕಿಕೊಂಡು ಹೋದ. ಒಳಗಿನಿಂದ ಪ್ರಭಂಜನ ಕೆಮ್ಮಿದ. ಅದು ನಗುವಾಗಿದ್ದರೂ ಇರಬಹುದು.

ಆ ವಾರ ಸಮ್ಮೇಳನದ ಕಾರ್ಯಕ್ರಮ ಪಟ್ಟಿಗೆ ಕತ್ತರಿ ಹಾಕುವಾಗ ಹಾಲಪ್ಪನ ಮಗಳು ಮಧುರಾ ಹಾಡಬೇಕಿದ್ದ ವಚನ ಕಣ್ಣಿಗೆ ಬಿತ್ತು. ಪಟ್ಟಿ ಉದ್ದವಾಗಿತ್ತು, ಯಾವುದಾದರೂ ಎರಡು ಹಾಡು ಹೋಗಲೇಬೇಕಿತ್ತು. ಅನುಸೂಯಾ ಅದರ ಮೇಲೆ ಗೆರೆ ಎಳೆದಳು. ಎಳೆದ ಮೇಲೆ ಪೆನ್ನು ಕೆಳಗಿಟ್ಟಳು. ತಾನು ಏನು ಮಾಡಿದೆ ಎಂದು ಅವಳಿಗೆ ಗೊತ್ತಿತ್ತು. ಗೆರೆಯನ್ನು ಅಳಿಸಲಿಲ್ಲ.

ಎರಡನೆಯ ಸಮ್ಮೇಳನ ಡಲ್ಲಾಸಿನ ಅರ್ವಿಂಗ್ ಕಡೆಯ ದೊಡ್ಡ ಸಭಾಂಗಣದಲ್ಲಿ. ಏಳುನೂರು ಕುರ್ಚಿ. ಬೆಳಗ್ಗೆ ಒಂಬತ್ತಕ್ಕೆ ಅನುಸೂಯಾ ಬಾಗಿಲು ಹಾಕಿಸಲು ಹೋದಾಗ ಒಳಗೆ ನಲವತ್ಮೂರು ಜನ ಇದ್ದರು. ಅವರಲ್ಲಿ ಹನ್ನೆರಡು ಜನ ಅಡಿಗೆಯವರು. ಹೊರಗೆ ತಡವಾಗಿ ಬಂದವರೂ ಯಾರೂ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅವಳ ಫೋನಿಗೆ ಫೋಟೋಗಳು ಬರತೊಡಗಿದವು. ಹ್ಯೂಸ್ಟನ್ನಿನಲ್ಲಿ ಶ್ರೀಪತಿ ಶಾಲು ಹೊದ್ದು ಸೋಫಾದಲ್ಲಿ ಕೂತು "ಶ್ರಾವಣ ಸಂಭ್ರಮ" ನಡೆಸುತ್ತಿದ್ದ. ಮೆಕಿನ್ನಿಯ ಪಾರ್ಕಿನಲ್ಲಿ ಸುಮುಖನ ಪಿಕ್ನಿಕ್ಕು. ಆಸ್ಟಿನ್ನಿನವರು ಕೆರೆಯ ಪಕ್ಕ ವೃತ್ತವಾಗಿ ಕೂತಿದ್ದರು. ಜಗಳವಿಲ್ಲ, ಪತ್ರವಿಲ್ಲ, ಮೂರೂ ಊರಿನವರು ಅವಳ ವಿರುದ್ಧ ಒಂದು ಮಾತೂ ಆಡದೆ ತಮ್ಮ ತಮ್ಮ ಊರಲ್ಲೇ ಉಳಿದಿದ್ದರು. ಜೀವಮಾನದಲ್ಲಿ ಈ ಜನ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

ಹೇಡಿಗಳು, ಎಂದುಕೊಂಡಳು. ಎದುರು ನಿಂತು ಹೇಳುವ ಯೋಗ್ಯತೆಯಿಲ್ಲದವರು.

ವೇದಿಕೆಯ ಪಕ್ಕದಲ್ಲಿ ಯಾರೋ ತಂತಿ ಸುತ್ತುತ್ತಿದ್ದರು. ಹಾಲಪ್ಪ. ಬೆಳಗಿನ ಜಾವ ಹ್ಯೂಸ್ಟನ್ನಿನಿಂದ ಹೊರಟು ನಾಲ್ಕು ಗಂಟೆ ವ್ಯಾನು ಓಡಿಸಿಕೊಂಡು ಬಂದಿದ್ದ. ಅವನ ಮಗಳು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದಳು.

"ನಿಮ್ಮ ಮಗಳ ಹಾಡು ತೆಗೆದಿದ್ದು ನಾನೇ," ಎಂದಳು ಅನುಸೂಯಾ.

"ಗೊತ್ತೈತ್ರಿ."

"ಸಮಯ ಸಾಲ್ದೆ ಅಲ್ಲ. ನೀವು ಮನೆಗೆ ಬಂದು ಕೇಳಿದ್ರಿ ಅಂತ."

"ಅದೂ ಗೊತ್ತೈತ್ರಿ."

"ಮತ್ತೆ ಯಾಕ್ ಬಂದ್ರಿ?"

ಹಾಲಪ್ಪ ತಂತಿಯನ್ನು ಕೆಳಗಿಟ್ಟ. "ಮೈಕ್ ಹಚ್ಚತೀನಿ ಅಂತ ಒಪ್ಕೊಂಡಿದ್ನಲ್ರಿ. ಒಪ್ಕೊಂಡ ಮ್ಯಾಲ ಬರಬೇಕು." ಆಮೇಲೆ ಖಾಲಿ ಕುರ್ಚಿಗಳ ಕಡೆ ನೋಡಿದ. "ನೀವು ಆ ಹನ್ನೊಂದು ಪುಟ ನಮಗೆಲ್ಲಾ ಕಳಿಸಿದ್ರಿ. ನಾ ಕುಂತು ಪೂರಾ ಓದೇನ್ರಿ. ನಿಮ್ಮನ್ನ ಹೆಂಗ ಇಳಿಸಬೇಕು ಅಂತ ಎಲ್ಲೂ ಬರದಿಲ್ಲ. ಇಳಸಾಕ ದಾರಿ ಇಲ್ಲಂದ್ರ ಮಂದಿ ಏನ್ ಮಾಡಬೇಕ್ರಿ? ಬರೂದು ಬಿಡ್ತಾರ."

"ನನ್ನ ಎದುರು ಹೇಳಬಹುದಿತ್ತಲ್ಲ?"

"ನಾ ಹೇಳಿದ್ನಲ್ರಿ," ಎಂದ ಹಾಲಪ್ಪ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಅವಳು ವೇದಿಕೆಯ ಮೆಟ್ಟಿಲ ಮೇಲೆ ಕೂತಳು. ಇಪ್ಪತ್ತೆರಡು ವರ್ಷ ಶ್ರೀಪತಿ ಮಾಡಿದ್ದನ್ನು ತಾನು ಹದಿನಾರು ತಿಂಗಳಲ್ಲಿ ಮಾಡಿ ಮುಗಿಸಿದ್ದಳು. ಅವನಿಗಾದರೂ ಮುಂದಿನ ಸಾಲು ತುಂಬಿರುತ್ತಿತ್ತು. ಇಷ್ಟು ದಿನ ಇವರೆಲ್ಲರ ಮೇಲೆ ಸುರಿದ ತಿರಸ್ಕಾರ ಈಗ ಮೊದಲ ಸಲ ತನ್ನ ಕಡೆ ತಿರುಗಿದಾಗ ಅದು ಎಷ್ಟು ಕಹಿ ಎಂದು ಗೊತ್ತಾಯಿತು.

"ಏನಮ್ಮ, ಹಾಡ್ತೀಯಾ?" ಎಂದು ಮಧುರಾಳನ್ನು ಕೇಳಿದಳು.

ಹುಡುಗಿ ಅಪ್ಪನನ್ನು ನೋಡಿ, ಖಾಲಿ ಸಭಾಂಗಣ ನೋಡಿ, "ನೋ ಥ್ಯಾಂಕ್ಸ್," ಎಂದಳು. ಅನುಸೂಯಾ ಎದ್ದು ಹೋಗಿ, ಬಂದಷ್ಟು ಜನಕ್ಕೆ ಊಟ ಬಡಿಸಿ ಕಳಿಸಿಬಿಡಿ ಎಂದು ಅಡಿಗೆಯವರಿಗೆ ಹೇಳಿದಳು.

ಮನೆಗೆ ಬಂದ ಮರುದಿನ ಅನುಸೂಯಾ ತನ್ನ ಕೊನೆಯ ಆಜ್ಞೆ ಹೊರಡಿಸಿದಳು. ಹಂಗಾಮಿ ಅಧ್ಯಕ್ಷೆಯ ಕಲಮು ರದ್ದು. ಅದರ ಜಾಗದಲ್ಲಿ ಹೊಸದು: ಯಾವ ಪದಾಧಿಕಾರಿಯನ್ನಾಗಲಿ ಸದಸ್ಯರು ಸರಳ ಬಹುಮತದಿಂದ, ಕಾರಣ ಕೊಡುವ ಅಗತ್ಯವಿಲ್ಲದೆ, ಯಾವಾಗ ಬೇಕಾದರೂ ತೆಗೆದುಹಾಕಬಹುದು. ಚುನಾವಣೆಯ ದಿನಾಂಕ ಗೊತ್ತುಮಾಡಿದಳು, ಕೆಳಗೆ ರಾಜೀನಾಮೆ ಬರೆದಳು. ಕ್ಷಮೆ ಕೇಳಲಿಲ್ಲ. ಹಾಲಪ್ಪನಿಗೆ ಮಾತ್ರ ಬೇರೆ ಫೋನ್ ಮಾಡಿ ಎರಡು ಮಾತು ಹೇಳಿದಳು. ಅದೇನೆಂದು ಪ್ರಭಂಜನನಿಗೂ ತಿಳಿಸಲಿಲ್ಲ.

ಚುನಾವಣೆಗೆ ನಿಂತವರು ಇಬ್ಬರು: ಶ್ರೀಪತಿ ಮತ್ತು ಸುಮುಖ. ಆಸ್ಟಿನ್ನಿನವರು ನಿಲ್ಲಬೇಕೇ ಬೇಡವೇ ಎಂದು ಮಾತಾಡುತ್ತಿರುವಾಗಲೇ ಕೊನೆಯ ದಿನ ದಾಟಿಹೋಯಿತು. ಶ್ರೀಪತಿ ತನ್ನ ಎರಡು ದಶಕದ ಸೇವೆಯ ವೀಡಿಯೋ ಕಳಿಸಿದ, ಹಿನ್ನೆಲೆಯಲ್ಲಿ ಶಹನಾಯಿ. ಸುಮುಖ ಎಲ್ಲ ಊರಿಗೂ ಎಲ್ಲವನ್ನೂ ಕೊಡುವುದಾಗಿ ಭರವಸೆ ಕೊಟ್ಟ. ಎರಡನ್ನೂ ಅನುಸೂಯಾ ಫೋನಿನಿಂದ ಅಳಿಸಿಹಾಕಿದಳು. ಆದರೂ ಒಂದು ಭಾನುವಾರ ಬೆಳಗ್ಗೆ ಸದಸ್ಯತ್ವದ ಅರ್ಜಿ ತುಂಬಿ, ಜೀವನದಲ್ಲಿ ಮೊದಲ ಸಲ ಕನ್ನಡ ಸಂಘದ ಸದಸ್ಯೆಯಾಗಿ, ಹ್ಯೂಸ್ಟನ್ನಿನ ಮತಗಟ್ಟೆಯ ಸಾಲಿನಲ್ಲಿ ನಿಂತು ಮತ ಹಾಕಿ ಬಂದಳು. ಸಾಲಿನಲ್ಲಿ ಮುಂದಿದ್ದ ಗಂಡಸು ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದ. ಅವಳು ತಡೆಯಲಾರದೆ ಅದನ್ನು ತಿರುಗಿಸಿ ಕೊಟ್ಟಳು.

"ಯಾರಿಗೆ ಹಾಕಿದೆ?" ಎಂದ ಕಾರಿನಲ್ಲಿ ಕಾದಿದ್ದ ಪ್ರಭಂಜನ.

"ಸುಮುಖಂಗೆ."

"ಅವನು ದಡ್ಡ ಅಂತಿದ್ದೆ."

"ದಡ್ಡಾನೇ. ಇಬ್ಬರೂ ದಡ್ಡರೇ." ಸೀಟ್ ಬೆಲ್ಟು ಎಳೆದುಕೊಂಡಳು. "ಸುಮುಖನ್ನ ಇಳಿಸೋದು ಸುಲಭ. ಹೋಗು ಅಂದ್ರೆ ಥ್ಯಾಂಕ್ಸ್ ಹೇಳಿ ಹೋಗ್ತಾನೆ."

ಸುಮುಖ ಒಂಬತ್ತು ಮತದಿಂದ ಗೆದ್ದ. ಶ್ರೀಪತಿ ಎಣಿಕೆಯಲ್ಲಿ ಮೋಸವಾಗಿದೆ ಎಂದು ಎಲ್ಲರಿಗೂ ಬರೆದ. ಹೊಸ ಅಧ್ಯಕ್ಷ ಕರೆದ ಮೊದಲ ಸಭೆ ನಲವತ್ತು ನಿಮಿಷ ತಡವಾಗಿ ಶುರುವಾಗಿ, ಲಾಂಛನದಲ್ಲಿ ಆನೆ ಇರಬೇಕೋ ಗಂಡಭೇರುಂಡ ಇರಬೇಕೋ ಎಂಬಲ್ಲಿ ಸಿಕ್ಕಿಕೊಂಡಿತು. ವೈಷ್ಣವಿ ಎಲ್ಲರ ಮನಸ್ಸಿಗೂ ಒಪ್ಪುವ ಮೂರನೆಯ ಪ್ರಾಣಿ ಹುಡುಕೋಣ ಎಂದಳು. ಅನುಸೂಯಾ ಹಿಂದಿನ ಸಾಲಿನಲ್ಲಿ, ಹಾಲಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೊಂದು ಮಾತಿಗೂ ಹಲ್ಲು ಕಡಿಯುತ್ತ, ಸಭೆ ಮುಗಿಯುವವರೆಗೂ ಎದ್ದು ಹೋಗಲಿಲ್ಲ.